ಮಲಾವಿಗೆ ಮರಳುವ ಖರ್ಚು

ಮಲಾವಿಯಿಂದ ನಾನು, ನನ್ನ ಗಂಡ ಬಳ್ಳಾರಿಗೆ ಬಂದದ್ದು ಒಂದು ಬೇಸಿಗೆ ಕಳೆದು ವಾಪಸ್ಸು ಹೋಗುವುದೆಂದು. ಕೌಲ್ ಬಜಾರಿನಲ್ಲಿ ನನ್ನ ಅಕ್ಕನ ಮನೆ. ಕೆಳಗೆ ಭಾವನ ಜೀನ್ಸ್ ಹೊಲಿಸುವ ಸಣ್ಣ ಕಾರ್ಖಾನೆ, ಮಾಳಿಗೆಯ ಮೇಲೆ ಅವರ ಸಂಸಾರ, ಅದರ ಮೇಲೆ ತಗಡು ಹೊದಿಸಿದ ಒಂದು ಕೋಣೆ. ಅಲ್ಲಿ ಪೇರಿಸಿಟ್ಟಿದ್ದ ಬಟ್ಟೆಯ ಥಾನುಗಳನ್ನು ಒಂದು ಮೂಲೆಗೆ ಒತ್ತರಿಸಿ ನಮಗೆ ಮಲಗಲು ಜಾಗ ಮಾಡಿಕೊಟ್ಟರು. "ಎರಡು ತಿಂಗಳಿಗೆ ಏನಾಗ್ತೈತಿ, ಸುಧಾರಿಸ್ಕೋರಿ" ಎಂದಳು ಅಕ್ಕ. ನಾವು ಪೆಟ್ಟಿಗೆಗಳನ್ನು ಪೂರ್ತಿ ಬಿಚ್ಚಲೂ ಇಲ್ಲ. ಬೇಕಾದ ಬಟ್ಟೆಯನ್ನು ಮೇಲಿನಿಂದ ತೆಗೆದು, ಒಗೆದು, ಮತ್ತೆ ಅಲ್ಲೇ ಇಡುತ್ತಿದ್ದೆವು. ಆ ತಗಡಿನ ಕೆಳಗೆ ಎರಡು ಬೇಸಿಗೆ ಕಳೆದವು.

ನಾನು ಅದೇ ಓಣಿಯಲ್ಲಿ ಹುಟ್ಟಿ ಬೆಳೆದವಳು. ಹೊಲಿಗೆ ಕಲಿತದ್ದು ಪಕ್ಕದ ಮನೆಯ ಖಾಲಾ ಹತ್ತಿರ. ಅವರು ಮುಸ್ಲಿಮರು, ನಾವು ಕ್ರೈಸ್ತರು, ಎದುರಿನ ಮನೆಯವರು ಲಿಂಗಾಯತರು. ಮೂರೂ ಮನೆಯ ಹುಡುಗಿಯರು ಖಾಲಾನ ಒಂದೇ ಹೊಲಿಗೆ ಮಿಷನ್ನಿಗೆ ಸರದಿ ಹಚ್ಚಿ ಕೂತಿರುತ್ತಿದ್ದೆವು. ದೊಡ್ಡವಳಾದ ಮೇಲೆ ಜೀನ್ಸಿಗೆ ಬೆಲ್ಟ್, ಅಂದರೆ ಸೊಂಟದ ಪಟ್ಟಿ, ಕೂಡಿಸುವ ಕೆಲಸಕ್ಕೆ ಸೇರಿದೆ. ನನ್ನ ಗಂಡ ಸಿರುಗುಪ್ಪದವರು, ಅಕ್ಕಿ ಮಿಲ್ಲಿನ ಫಿಟ್ಟರ್. ಮದುವೆಯಾಗಿ ವರ್ಷಗಳು ಕಳೆದರೂ ನಮಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ನಮ್ಮಿಬ್ಬರಿಗಿಂತ ಊರವರೇ ಹೆಚ್ಚು ಮಾತಾಡಿದರು.

ಒಂದು ಭಾನುವಾರ ನಮ್ಮ ಚರ್ಚಿನ ಸಭೆಗೆ ಹೊರಗಿನಿಂದ ಒಬ್ಬ ಬೋಧಕರು ಬಂದರು. ಆಫ್ರಿಕಾದ ಮಲಾವಿ ದೇಶದಲ್ಲಿ, ದೊಡ್ಡ ಸರೋವರದ ದಂಡೆಯ ಒಂದು ಹಳ್ಳಿಯಲ್ಲಿ, ತಮ್ಮ ಸಂಸ್ಥೆಯ ಕೆಲಸ ನಡೆದಿದೆ ಎಂದರು. ಅಲ್ಲಿಗೆ ಪ್ರಸಂಗ ಮಾಡುವವರಿಗಿಂತ ಕೈಕೆಲಸ ಬಲ್ಲವರು ಬೇಕಾಗಿದ್ದಾರೆ, ಜೋಳ ಬೀಸುವ ಗಿರಣಿ ರಿಪೇರಿ ಮಾಡುವವರು, ಹೊಲಿಗೆ ಕಲಿಸುವವರು, ಯಾರಾದರೂ ಇದ್ದೀರಾ ಎಂದು ಕೇಳಿದರು. ನಾನು ಕೈ ಎತ್ತಿದೆ. ಒಂದು ಗಳಿಗೆಯ ನಂತರ ನನ್ನ ಗಂಡನೂ ಎತ್ತಿದರು. ಸಭೆಯವರೆಲ್ಲ ಚಪ್ಪಾಳೆ ತಟ್ಟಿದರು.

ಅಲ್ಲಿ ನಾನು ಎಷ್ಟು ಸುಖವಾಗಿದ್ದೆನೆಂದು ಹೇಳಿದರೆ ಇಲ್ಲಿಯವರಿಗೆ ನಂಬುವುದು ಕಷ್ಟ. ಅವರ ಊಟ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ನಮ್ಮ ಕಡೆಯ ಸಂಗಟಿ ಉಂಡು ಬೆಳೆದವಳಿಗೆ ಅದು ಹೊಸದೇನೂ ಅಲ್ಲ. ಬೆಳಿಗ್ಗೆ ಬೇವಿನ ಮರದ ಕೆಳಗೆ ಕಾಲಲ್ಲಿ ತುಳಿಯುವ ಮಿಷನ್ನುಗಳನ್ನು ಹೊರಗೆ ತಂದಿಟ್ಟು ಕೂರುತ್ತಿದ್ದೆವು. ಕಲಿಯಲು ಬರುವ ಹೆಂಗಸರಲ್ಲಿ ಮುಸ್ಲಿಮರೇ ಹೆಚ್ಚು, ಆ ದಂಡೆಯ ಜನ ಬಹುಪಾಲು ಅವರೇ. ಉಳಿದವರು ಕ್ರೈಸ್ತರು. ಒಬ್ಬಳು ಹಾಡು ಎತ್ತಿದರೆ ಉಳಿದವರು ತುಳಿತದ ಲಯಕ್ಕೆ ಅದನ್ನು ಹಿಡಿದುಕೊಳ್ಳುತ್ತಿದ್ದರು. ಹಾಡು ಬಿರುಸಾದರೆ ಹೊಲಿಗೆ ಸೊಟ್ಟಗಾಗುತ್ತಿತ್ತು. ನಾನು ಸಿಟ್ಟಿನಿಂದ ಕಣ್ಣು ಬಿಟ್ಟರೆ ಅವರಿಗೆ ಇನ್ನೂ ನಗು. ಮಕ್ಕಳಿಲ್ಲವೇ ಎಂದು ಅವರೂ ಕೇಳಿದರು. ಇಲ್ಲ ಎಂದೆ. ಒಬ್ಬ ಮುದುಕಿ ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮತ್ತೆ ಯಾರೂ ಆ ಮಾತು ತೆಗೆಯಲಿಲ್ಲ. ಅವರ ಭಾಷೆ ನನಗೆ ಬಲು ಬೇಗ ಬಂತು. ಯಾಕೆ ಬಂತೋ ಗೊತ್ತಿಲ್ಲ, ಶಾಲೆಯಲ್ಲಿ ಇಂಗ್ಲಿಷ್ ಕೂಡ ತಲೆಗೆ ಹತ್ತದವಳು ನಾನು.

ಅಲ್ಲಿಯ ಕೆಲವು ವರ್ಷಗಳ ನಮ್ಮ ಅವಧಿ ಮುಗಿದಾಗ ಸಂಸ್ಥೆಯ ಕಮಿಟಿಯವರು ಒಂದು ಶರತ್ತು ಹಾಕಿದರು. ಮೊದಲಿನ ಹಾಗೆ ಸಂಸ್ಥೆಯೇ ಎಲ್ಲ ಖರ್ಚನ್ನೂ ಹೊರಲಾಗುವುದಿಲ್ಲ, ನಮ್ಮ ಊರಿನ ಸಭೆಗಳನ್ನು ಸುತ್ತಿ ಮುಂದಿನ ಅವಧಿಗೆ ಆಗುವಷ್ಟು ಬೆಂಬಲವನ್ನು ನಾವೇ ಹೊಂದಿಸಿಕೊಳ್ಳಬೇಕು. ಪ್ರತಿ ತಿಂಗಳು ಕೊಡುತ್ತೇವೆಂದು ಮಾತು ಕೊಟ್ಟವರು ಸಾಕಷ್ಟಾದ ಮೇಲೆಯೇ ಟಿಕೆಟ್ಟು. ಅದೇನು ದೊಡ್ಡ ಮಾತಲ್ಲ ಎಂದುಕೊಂಡೆ. ಚಪ್ಪಾಳೆ ತಟ್ಟಿದವರು ಇದ್ದಾರಲ್ಲ.

ನಾನು ಲೆಕ್ಕಕ್ಕೆ ಹಿಡಿಯದೆ ಇದ್ದದ್ದು ಒಂದೇ. ನಮ್ಮ ಕಡೆ ಧರ್ಮಸೇವೆಯ ಮಿಷನ್ ಎಂದರೆ ದುಡ್ಡು ಹೊರದೇಶದಿಂದ ಬರುವಂಥದ್ದು. ಬಳ್ಳಾರಿಯ ಹಳೆಯ ಚರ್ಚು, ಶಾಲೆ, ಆಸ್ಪತ್ರೆ ಎಲ್ಲವೂ ಹಾಗೆಯೇ ಆದದ್ದೆಂದು ಹಿರಿಯರು ಹೇಳಿ ಹೇಳಿ ಎಲ್ಲರ ತಲೆಯಲ್ಲಿ ಕೂತಿತ್ತು. ಇಲ್ಲಿಂದ ಹೊರದೇಶಕ್ಕೆ ದುಡ್ಡು ಹೋಗಬೇಕು ಎಂದರೆ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ.

"ನಿಮಗೇನವ್ವಾ, ಡಾಲರ್ ಬರ್ತಾವ" ಎಂದು ಸಭೆಯ ಒಬ್ಬ ಹೆಂಗಸು ನಕ್ಕಳು. "ನಮ್ಮ ಹತ್ರ ಯಾಕ ಕೇಳ್ತೀರಿ?"

"ಡಾಲರ್ ಎಲ್ಲಿಂದ ಬರಬೇಕು ಅಕ್ಕಾ? ಅಲ್ಲಿಯವರು ನಮಗಿಂತ ಕಷ್ಟದಾಗ ಅದಾರ."

"ಹೋಗಲಿ ಬಿಡು, ನೀವು ಹೇಳಂಗಿಲ್ಲ, ನಾವು ಕೇಳಂಗಿಲ್ಲ."

ಓಣಿಯಲ್ಲೂ ಅದೇ. ನಾವು ಕೂಡಿಟ್ಟದ್ದನ್ನು ಮುಚ್ಚಿಟ್ಟುಕೊಂಡು ಬಡವರ ಹಾಗೆ ತಗಡಿನ ಕೋಣೆಯಲ್ಲಿ ಇದ್ದೇವೆ ಎಂದೇ ಬಹಳ ಜನ ನಂಬಿದ್ದರು. ಆಟೋದವನು ಕೂಡ, "ಫಾರಿನ್ನಿಂದ ಬಂದೋರು ನೀವು, ಚೌಕಾಶಿ ಮಾಡ್ತೀರಲ್ಲ" ಎನ್ನುತ್ತಿದ್ದ. ಇನ್ನು ಕೆಲವರು ಬೇರೆ ಥರ ನೋಡತೊಡಗಿದರು. ಇವರು ಇಲ್ಲಿ ಯಾರನ್ನೋ ಮತಾಂತರ ಮಾಡಲು ಬಂದಿದ್ದಾರೆ ಎಂಬ ಗುಸುಗುಸು. ಒಂದು ದಿನ ಭಾವ ಬೇಸರದಿಂದಲೇ, "ಹಗಲು ಹೊತ್ತು ಮ್ಯಾಲೆ ಕೂಟ-ಗೀಟ ಮಾಡಬ್ಯಾಡ್ರಿ, ಕಾರ್ಖಾನಿಗೆ ಆರ್ಡರ್ ಕೊಡೋರು ಬರ್ತಿರ್ತಾರ" ಎಂದರು. ನಾವು ಇಬ್ಬರೇ ಕೂತು ಪ್ರಾರ್ಥನೆ ಮಾಡುವಾಗಲೂ ದನಿ ತಗ್ಗಿಸಿಕೊಂಡೆವು.

ಹೀಗೆ ನಮ್ಮ ಭಾನುವಾರಗಳು ಶುರುವಾದವು. ಒಂದು ವಾರ ಬಳ್ಳಾರಿಯ ಒಂದು ಸಭೆ, ಇನ್ನೊಂದು ವಾರ ಕುರುಗೋಡು, ಮತ್ತೊಂದು ವಾರ ಸಿರುಗುಪ್ಪದ ಕಡೆಯ ಹಳ್ಳಿ. ಆರಾಧನೆ ಮುಗಿಯುವ ಹೊತ್ತಿಗೆ ನಮಗೆ ಐದು ನಿಮಿಷ ಕೊಡುತ್ತಿದ್ದರು. ನನ್ನ ಗಂಡ ಮಾತಾಡುವವರಲ್ಲ, ನಾನೇ ಎದ್ದು ನಿಲ್ಲುತ್ತಿದ್ದೆ. ಸರೋವರ, ಬೇವಿನ ಮರ, ಮಿಷನ್ನು, ಮೊದಲ ಸಲ ತಾನೇ ಹೊಲಿದ ಅಂಗಿಯನ್ನು ಮಾರಿ ಬಂದ ಹೆಂಗಸು. ಜನ ಕಣ್ಣರಳಿಸಿ ಕೇಳುತ್ತಿದ್ದರು. ಕೊನೆಯಲ್ಲಿ ಬಂದು ಕೈ ಹಿಡಿದು, ತೆಲುಗಿನಲ್ಲಿ "ವಂದನಾಲಮ್ಮಾ" ಎಂದು ನಮಸ್ಕಾರ ಹೇಳಿ, "ಪ್ರಾರ್ಥನೆ ಮಾಡ್ತೀವಿ" ಎನ್ನುತ್ತಿದ್ದರು. ಪ್ರಾರ್ಥನೆಯನ್ನು ನಾನು ಹಗುರವಾಗಿ ಕಂಡವಳಲ್ಲ. ಆದರೂ ಬಸ್ಸಿನಲ್ಲಿ ವಾಪಸ್ಸು ಬರುವಾಗ ಮಾತು ಕೊಟ್ಟವರ ಪಟ್ಟಿ ತೆಗೆದು ಎಣಿಸುತ್ತಿದ್ದೆ. ಅದೇ ಕತೆಯನ್ನು ಅದೇ ಮಾತಿನಲ್ಲಿ ಹೇಳಿ ಹೇಳಿ, ಆ ಹೆಂಗಸರು ನನಗೇ ಯಾರೋ ಬೇರೆಯವರ ಹಾಗೆ ಕಾಣತೊಡಗಿದ್ದರು.

ಕುರುಗೋಡಿನ ಅಯ್ಯನವರು, ಅಲ್ಲಿಯ ಸಭೆಯ ಪಾದ್ರಿ, ಒಳ್ಳೆಯ ಮನುಷ್ಯ. ಚರ್ಚಿನ ಹಿಂದಿನ ತಮ್ಮ ಮನೆಯಲ್ಲಿ ಊಟಕ್ಕೆ ಕೂರಿಸಿಕೊಂಡು, ಫೋಟೋ ಇದ್ದರೆ ತೋರಿಸಿ ಎಂದರು. ಫೋನು ಕೊಟ್ಟೆ. ಒಂದೊಂದನ್ನೇ ಸರಿಸುತ್ತ ಹೋದರು. ಅವರ ಮುಖ ಸಪ್ಪಗಾಯಿತು.

"ತಂಗೀ, ಬ್ಯಾರೆ ಫೋಟೋ ಇಲ್ಲೇನು?"

"ಎಂಥವು ಅಯ್ಯನೋರೆ?"

"ಅದೇ... ಹಸಿದಂಥ ಮಕ್ಕಳು, ಗುಡಿಸಲು, ರೋಗ-ರುಜಿನ. ಇವರೆಲ್ಲ ಹೊಸಾ ಅಂಗಿ ಹಾಕ್ಕೊಂಡು ನಕ್ಕೋತ ನಿಂತಾರ. ಇಷ್ಟು ಚೊಲೋ ಇರೋರಿಗೆ ನಮ್ಮ ಜನ ಯಾಕ ಕೊಡ್ತಾರ ಹೇಳು?"

"ಅವರು ಆ ಅಂಗಿ ತಾವೇ ಹೊಲಿದಾರ್ರಿ. ಅದಕ್ಕ ನಗಾಕತ್ತಾರ."

"ನನಗ ತಿಳಿತೈತಿ. ಆದರ ಅಳೋದು ನೋಡಿದರನ ಕೈ ಜೇಬಿಗೆ ಹೋಗ್ತೈತಿ. ನಾನೂ ಕಾಣಿಕಿ ಎತ್ತೋನು, ಅನುಭವದ ಮಾತು ಹೇಳೀನಿ."

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ನಮಗೆ ಒಳ್ಳೆಯದಾಗಲಿ ಎಂದೇ ಹೇಳಿದರು. ಅಲ್ಲಿ ಹಸಿದ ಮಕ್ಕಳು ಇರಲಿಲ್ಲವೆಂದಲ್ಲ. ಮಳೆಗೆ ಮುಂಚಿನ ತಿಂಗಳುಗಳಲ್ಲಿ ಕಣಜ ಬರಿದಾಗುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೆ ಹಾಗೆ ಕೂತವರ ಮುಂದೆ ಫೋನು ಎತ್ತಿ ಹಿಡಿಯಲು ನನ್ನಿಂದ ಆಗಿರಲಿಲ್ಲ. ಊರಿಗೆ ಬಂದ ಮೇಲೆ ಅಂಥ ಫೋಟೋ ಇಲ್ಲದ್ದೇ ನಮ್ಮ ಕೊರತೆಯಾಯಿತು.

ಮೊದಲ ಬೇಸಿಗೆ ಮುಗಿಯಿತು. ಮಾತು ಕೊಟ್ಟವರು ಬೇಕಾದ್ದರಲ್ಲಿ ಅರ್ಧಕ್ಕೂ ಬಂದಿರಲಿಲ್ಲ. ಕೊಟ್ಟವರಲ್ಲೂ ಕೆಲವರು ಮಗಳ ಮದುವೆಯೆಂದೋ ಮನೆಯ ಆಸ್ಪತ್ರೆ ಖರ್ಚೆಂದೋ ಹಿಂದೆ ಸರಿದರು. ಅವರ ಮೇಲೆ ಸಿಟ್ಟು ಮಾಡಲಾಗುತ್ತಿರಲಿಲ್ಲ. ಅಕ್ಕನ ಮನೆಯಲ್ಲಿ ಕೂತು ಉಣ್ಣುವುದು ಸರಿಯಲ್ಲವೆಂದು ನಾನು ಕೆಳಗಿಳಿದು ಭಾವನ ಕಾರ್ಖಾನೆಯಲ್ಲಿ ಕೂತೆ. ಮತ್ತೆ ಜೀನ್ಸು, ಮತ್ತೆ ಬೆಲ್ಟು. ಬಣ್ಣ ಹತ್ತಿ ಬೆರಳೆಲ್ಲ ನೀಲಿ. ಬಾಗಿಲಿನ ಎದುರಿಗೇ ಇನ್ನೊಂದು ಕಾರ್ಖಾನೆಯ ಗೋಡೆ, ಅದರ ಮೇಲೆ ಒಂದು ಗೇಣು ಆಕಾಶ. ಪಕ್ಕದಲ್ಲಿ ಕೂತ ಹುಡುಗಿಯರು, "ಆಫ್ರಿಕಾದಾಗ ಸಿಂಹ ನೋಡೀರೇನಕ್ಕಾ?" ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಅವರಿಗೆ ನಿರಾಶೆ.

ನನ್ನ ಗಂಡ ಸಿರುಗುಪ್ಪಕ್ಕೆ ಹೋಗಿ, ಮೊದಲು ಕೆಲಸ ಮಾಡುತ್ತಿದ್ದ ಮಿಲ್ಲಿನಲ್ಲೇ ಸೇರಿಕೊಂಡರು. ಸದ್ಯಕ್ಕೆ, ಎಂದರು. ಶನಿವಾರ ಸಂಜೆ ಬರುವುದು, ಭಾನುವಾರ ನನ್ನ ಜೊತೆ ಯಾವುದಾದರೂ ಸಭೆಗೆ ಬರುವುದು, ಸೋಮವಾರ ಬೆಳಿಗ್ಗೆ ಬಸ್ಸು ಹಿಡಿಯುವುದು. ಒಂದು ವಾರವೂ ತಪ್ಪಿಸಲಿಲ್ಲ. ನಾನು ಮಾತಾಡುವಾಗ ಹಿಂದಿನ ಸಾಲಿನಲ್ಲಿ ಕೈಕಟ್ಟಿಕೊಂಡು ಕೂತಿರುತ್ತಿದ್ದರು.

ಎರಡನೆಯ ಬೇಸಿಗೆ ಹತ್ತಿರ ಬಂದಾಗ ಒಂದು ದಾರಿ ತೆರೆದ ಹಾಗಾಯಿತು. ಬ್ರೂಸ್‌ಪೇಟೆಯಲ್ಲಿ ದೊಡ್ಡ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ನಮ್ಮ ಸಭೆಯ ಒಬ್ಬ ಹಿರಿಯರು ಹೇಳಿ ಕಳಿಸಿದರು. ಹೋದೆವು. ಗಲ್ಲಾಪೆಟ್ಟಿಗೆಯ ಪಕ್ಕ ಎರಡು ಕುರ್ಚಿ ಹಾಕಿಸಿ, ಚಹಾ ತರಿಸಿ, ಕಡಿಮೆ ಬಿದ್ದದ್ದನ್ನೆಲ್ಲ ತಾವೊಬ್ಬರೇ ಭರಿಸುವುದಾಗಿ ಹೇಳಿದರು. ನನ್ನ ಕಣ್ಣಲ್ಲಿ ನೀರೇ ಬಂತು.

"ಒಂದ ಮಾತು" ಎಂದರು ಅವರು. "ನಿಮ್ಮ ಹೊಲಿಗಿ ಕ್ಲಾಸಿನಾಗ ಸಾಬರ ಹೆಣ್ಮಕ್ಕಳು ಭಾಳ ಅದಾರಂತಲ್ಲ?"

"ಹೌದ್ರಿ. ಆ ಊರಾಗ ಅವರ ಹೆಚ್ಚು."

"ಅವರು ಸಭಿಗೆ ಬರ್ತಾರೇನು?"

"ಇಲ್ರಿ. ಹೊಲಿಗಿಗೆ ಬರ್ತಾರ."

"ಹಂಗಾದರ ಅವರಿಗೆ ಕಲಿಸಿ ಏನು ಬಂತು? ಸಭಿಗೆ ಬರೋರಿಗೆ ಅಷ್ಟ ಕಲಿಸ್ರಿ. ಇಲ್ಲಾ, ಕಲೀಬೇಕಂದ್ರ ಸಭಿಗೆ ಬರ್ರಿ ಅಂತ ಹೇಳ್ರಿ. ನಾನು ಕೊಡೋ ರೊಕ್ಕಕ್ಕ ನಾನು ದೇವರಿಗೆ ಉತ್ತರ ಕೊಡಬೇಕಾಗ್ತೈತಿ."

ನಾನು ಸೂಜಿ ಹಿಡಿಯಲು ಕಲಿತದ್ದೇ ಖಾಲಾ ಹತ್ತಿರ, ನೀನು ಮಸೀದಿಗೆ ಬಾ ಎಂದು ಅವರು ಒಂದು ದಿನವೂ ನನಗೆ ಹೇಳಿರಲಿಲ್ಲ. ಅದನ್ನು ಹೇಗೆ ಹೇಳುವುದು ಎಂದು ಮಾತು ಹುಡುಕುವಷ್ಟರಲ್ಲಿ, ಎಲ್ಲಿಯೂ ಬಾಯಿ ಬಿಡದ ನನ್ನ ಗಂಡ ಎದ್ದು ನಿಂತರು.

"ಅದು ಆಗಂಗಿಲ್ರಿ" ಎಂದರು. "ನಿಮ್ಮ ರೊಕ್ಕ ನಿಮ್ಮ ಹತ್ರ ಇರಲಿ. ನಾವು ಬರ್ತೀವಿ."

ಚಹಾ ಪೂರ್ತಿ ಕುಡಿದಿರಲಿಲ್ಲ. ಹಮಾಲರು, ಕೈಗಾಡಿ, ಕಬ್ಬಿಣದ ಸದ್ದಿನ ನಡುವೆ ನಾವು ಬ್ರೂಸ್‌ಪೇಟೆಯಿಂದ ನಡೆದು ಬಂದೆವು. ದಾರಿ ಮುಚ್ಚಿತು ಎಂಬ ಸಂಕಟ ಒಂದು ಕಡೆ, ಗಂಡನ ಮೇಲೆ ಅಭಿಮಾನ ಇನ್ನೊಂದು ಕಡೆ. ಮದುವೆಯಾದಾಗಿನಿಂದ ಅವರ ಬಗ್ಗೆ ನನಗೆ ಅಂಥ ಹೆಮ್ಮೆ ಬಂದದ್ದು ಅದೇ ಮೊದಲು. ಅಕ್ಕನಿಗೆ ಹೇಳಿದರೆ ಅವಳು ತಲೆ ಚಚ್ಚಿಕೊಂಡಳು. "ಹೂಂ ಅಂದು ಹೋಗಿ, ಅಲ್ಲಿ ನಿಮಗ ಬೇಕಾದಂಗ ಮಾಡಿದ್ದರ ಇಲ್ಲಿ ಯಾರಿಗೆ ಕಾಣ್ತಿತ್ತು?" ಎಂದಳು. ನನಗೂ ಆ ಯೋಚನೆ ಬಾರದೆ ಇರಲಿಲ್ಲ. ಹೊಲಿಗೆಗೆ ಕೂತಾಗ ಅದು ಎಷ್ಟೋ ದಿನ ಕಾಡಿತು.

ಅದೇ ಬೇಸಿಗೆಯಲ್ಲಿ ಸಿರುಗುಪ್ಪದ ಕಡೆಯ ರಾರಾವಿ ಹಳ್ಳಿಗೆ ಹೋದದ್ದು. ಅಲ್ಲಿಯ ಸಭೆ ಎಂದರೆ ಒಂದು ಮನೆಯ ಪಡಸಾಲೆ. ಬಂದವರೆಲ್ಲ ಹೊಲದ ಕೂಲಿಯವರು, ಬತ್ತದ ನಾಟಿಗೆ, ಮೆಣಸಿನಕಾಯಿ ಬಿಡಿಸಲು ಹೋಗುವ ಹೆಂಗಸರೇ ಹೆಚ್ಚು. ನಾನು ನನ್ನ ಐದು ನಿಮಿಷದ ಮಾತು ಮುಗಿಸಿದೆ. ಅವರು ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲ ದೇವರ ಕೆಲಸಕ್ಕೆಂದು ಒಂದು ಹಿಡಿ ತೆಗೆದಿಡುತ್ತಾರೆ. ಆ ಅಕ್ಕಿಯನ್ನು ಒಂದು ಚೀಲಕ್ಕೆ ತುಂಬಿ ನನ್ನ ಮುಂದೆ ತಂದಿಟ್ಟರು. ಮೆಣಸಿನಕಾಯಿ ಬಿಡಿಸಿ ಬೆರಳ ತುದಿ ಸುಲಿದಿದ್ದ ಒಬ್ಬ ಹೆಂಗಸು ನನ್ನ ಎದುರಿಗೆ ಕೂತಳು.

"ಒಂದು ಕೇಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ಆ ಹೆಣ್ಮಕ್ಕಳು ನಮಗಿಂತ ಬಡವರೇನು?"

ಯಾರೂ ನನ್ನನ್ನು ಅದುವರೆಗೆ ಇದನ್ನು ಕೇಳಿರಲಿಲ್ಲ. ನಾನು ಆ ಬೇವಿನ ಮರದ ಕೆಳಗಿನ ಒಬ್ಬೊಬ್ಬರನ್ನೂ ನೆನೆಸಿಕೊಂಡೆ.

"ಕೆಲವರು ಹೌದು" ಎಂದೆ. "ಕೆಲವರು ಅಲ್ಲ. ಕೆಲವರಿಗೆ ಸ್ವಂತ ಹೊಲ ಐತಿ, ದೋಣಿ ಐತಿ."

"ನಮಗ ಹೊಲ ಇಲ್ಲ" ಎಂದಳು ಅವಳು. ದೂರಲಿಲ್ಲ, ಸುಮ್ಮನೆ ಹೇಳಿದಳು. ಆಮೇಲೆ, "ನೀವು ಹೋಗೋತನಕ ಇಲ್ಲಿ ಬಂದು ನಮ್ಮ ಹುಡುಗಿಯರಿಗೆ ಕಲಿಸಬಹುದಲ್ಲ?" ಎಂದಳು.

ಆ ಅಕ್ಕಿಯನ್ನು ತೆಗೆದುಕೊಳ್ಳಲೂ ಆಗದು, ಒಲ್ಲೆ ಎನ್ನಲೂ ಆಗದು. ಒಲ್ಲೆ ಎಂದರೆ ಅವರಿಗೆ ಅವಮಾನ. ತೆಗೆದುಕೊಂಡೆ. ಬಸ್ಸಿನಲ್ಲಿ ಆ ಚೀಲವನ್ನು ಕಾಲಿನ ನಡುವೆ ಇಟ್ಟುಕೊಂಡು ಕೂತಾಗ ಕಿಟಕಿಯ ಹೊರಗೆ ಏನೂ ಕಾಣಲಿಲ್ಲ ನನಗೆ.

ಕಲಿಸಲು ಹೋದೆ. ಭಾವನ ಹಳೆಯ ಎರಡು ಮಿಷನ್ನುಗಳನ್ನು ಅಲ್ಲಿಗೆ ಸಾಗಿಸಿದೆವು. ವಾರಕ್ಕೊಮ್ಮೆ ಹೋಗುತ್ತಿದ್ದೆ. ಇದನ್ನು ಕೇಳಿದವರೆಲ್ಲ, "ನೋಡು, ದೇವರು ನಿನ್ನನ್ನ ಇಲ್ಲೇ ಉಳಿಸಿದ್ದು ಇದಕ್ಕೆ" ಎಂದು ಸಮಾಧಾನ ಹೇಳಿದರು. ನನಗೆ ಹಾಗೆ ಅನ್ನಿಸಲಿಲ್ಲ ಎಂಬುದನ್ನು ಇಲ್ಲಿ ಬರೆಯಲೇಬೇಕು. ಹುಡುಗಿಯರು ಚುರುಕಾಗಿದ್ದರು, ಚೆನ್ನಾಗಿ ಕಲಿತರು, ಅವರಲ್ಲಿ ಇಬ್ಬರು ಈಗ ರವಿಕೆ ಹೊಲಿದು ಸಂಪಾದಿಸುತ್ತಾರೆ. ಆದರೆ ನನ್ನ ಮನಸ್ಸು ಅಲ್ಲಿರಲಿಲ್ಲ. ರಾರಾವಿಯಲ್ಲಿ ಕೆಲಸ ವಾರದಿಂದ ವಾರಕ್ಕೆ ಗಟ್ಟಿಯಾದ ಹಾಗೆಲ್ಲ ಮಲಾವಿ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಿದೆ ಎನ್ನಿಸುತ್ತಿತ್ತು. ಒಳ್ಳೆಯ ಕೆಲಸ ಮಾಡುತ್ತಲೇ ಉಸಿರು ಕಟ್ಟುವುದು ಎಂದರೆ ಏನೆಂದು ಆಗ ತಿಳಿಯಿತು.

ಒಂದು ಮಧ್ಯಾಹ್ನ ರಾರಾವಿಯಿಂದ ಬೇಗ ಹೊರಟು ಸಿರುಗುಪ್ಪದಲ್ಲಿ ಇಳಿದೆ. ಗಂಡನಿಗೆ ಹೇಳಿರಲಿಲ್ಲ. ಮಿಲ್ಲಿನ ಅಂಗಳದಲ್ಲಿ ಬತ್ತ ಹರವಿದ್ದರು. ಒಳಗಿನಿಂದ ಜೋರು ನಗು ಕೇಳಿಸಿತು. ಇಣುಕಿದೆ. ನನ್ನ ಗಂಡ ಎತ್ತರದ ಅಟ್ಟಣಿಗೆಯ ಮೇಲೆ, ಕೂದಲು ಹುಬ್ಬು ಎಲ್ಲ ತೌಡಿನ ಧೂಳು ಮೆತ್ತಿಕೊಂಡು, ಕೆಳಗಿದ್ದ ಹಮಾಲರಿಗೆ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಏನೋ ಚೇಷ್ಟೆ ಮಾಡುತ್ತಿದ್ದರು. ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಈ ಮನುಷ್ಯನನ್ನು ನಾನು ನೋಡಿ ಎಷ್ಟೋ ವರ್ಷಗಳಾಗಿದ್ದವು. ಮಲಾವಿಯಲ್ಲಿ ಒಂದು ದಿನವೂ ನೋಡಿರಲಿಲ್ಲ.

ನನ್ನನ್ನು ಕಂಡು ಅವರ ಮುಖ ಬದಲಾಯಿತು. ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ ಕೆಳಗಿಳಿದು ಬಂದರು. ಮಿಲ್ಲಿನ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತೆವು.

"ಇಲ್ಲಿ ಆರಾಮ ಇದ್ದೀರಿ" ಎಂದೆ.

ಅವರು ಕೈಯ ಗ್ರೀಸನ್ನು ಒರೆಸಿಕೊಂಡರು. "ಒಂದು ಮಾತು ಹೇಳಬೇಕು. ಸಿಟ್ಟಾಗಬ್ಯಾಡ" ಎಂದರು.

"ಹೇಳ್ರಿ."

"ನನಗ ಅಲ್ಲಿಗೆ ಹೋಗಾಕ ಮನಸ್ಸಿಲ್ಲ."

ನನಗೆ ಮೊದಲು ಅರ್ಥವಾಗಲಿಲ್ಲ. ಮತ್ತೆ ಅವರೇ ಮುಂದುವರಿಸಿದರು.

"ಅಲ್ಲಿ ಗಿರಣಿ ಕೆಟ್ಟು ನಿಂತಾಗ ಸಾಮಾನು ಬರ್ತಿರಲಿಲ್ಲ. ಸಂಸ್ಥಿಯವರನ್ನ ಕೇಳಿದರ ರೊಕ್ಕ ಇಲ್ಲ ಅಂತಿದ್ದರು. ಜನ ಜೋಳದ ಬುಟ್ಟಿ ತಲಿ ಮ್ಯಾಲೆ ಹೊತ್ಕೊಂಡು ಅಷ್ಟು ದೂರದಿಂದ ನಡಕೊಂಡು ಬಂದು ಬಾಗಿಲ ಮುಂದ ನಿಲ್ತಿದ್ದರು. ಬೈದಿದ್ದರ ಚೊಲೋ ಇತ್ತು. ಬೈತಿರಲಿಲ್ಲ. ಸುಮ್ಮನ ನನ್ನ ಮುಖ ನೋಡಿ ವಾಪಸ್ ಹೋಗ್ತಿದ್ದರು. ಸಾಮಾನು ಬಂದಿಲ್ಲ ಅಂತ ಹೇಳಾಕ ನನಗ ಅವರ ಮಾತೂ ಬರಲಿಲ್ಲ. ನೀನು ಮರದ ಕೆಳಗ ಹೆಣ್ಮಕ್ಕಳ ಕೂಡ ನಕ್ಕೋತ ಇರ್ತಿದ್ದಿ. ನಾನು ಕೆಟ್ಟ ಮಿಷನ್ನಿನ ಮುಂದ ಗ್ವಾಡಿ ನೋಡ್ಕೋತ ಕುಂದರ್ತಿದ್ದೆ."

"ಮತ್ತ ಇಷ್ಟು ದಿನ ಭಾನುವಾರಕ್ಕೊಂದು ಊರಿಗೆ ನನ್ನ ಹಿಂದ ಯಾಕ ಬಂದ್ರಿ?"

"ನಿನಗ ಹೋಗೋದಿತ್ತಲ್ಲ."

"ಬ್ರೂಸ್‌ಪ್ಯಾಟ್ಯಾಗ ಎದ್ದು ನಿಂತು ಬ್ಯಾಡ ಅಂದ್ರಿ. ನಾನು ಎಷ್ಟು ಖುಷಿಪಟ್ಟೆ ಗೊತ್ತೇನು?"

ಅವರು ತಲೆ ತಗ್ಗಿಸಿದರು. "ಆತ ಹೇಳಿದ್ದು ತಪ್ಪ ಇತ್ತು. ಅದು ಖರೆ. ಆದರ ನಾನು ಎದ್ದಿದ್ದು ಅದಕ್ಕ ಅಲ್ಲ. ಆತ ಕೊಟ್ಟಿದ್ದರ ಹೋಗಬೇಕಾಗ್ತಿತ್ತು. ಹೆದರಿಕಿ ಬಂತು."

ಅಂಗಡಿಯವನು ಚಹಾ ತಂದಿಟ್ಟು ಹೋದ. ನನಗೆ ಅವರ ಮೇಲೆ ವಿಪರೀತ ಸಿಟ್ಟು ಬಂತು. ಎದ್ದು ಹೋಗಿಬಿಡಬೇಕು ಎನ್ನಿಸಿತು. ಎದ್ದರೆ ಹೋಗುವುದಾದರೂ ಎಲ್ಲಿಗೆ, ಅದೇ ತಗಡಿನ ಕೋಣೆಗೆ. ಕೂತೇ ಇದ್ದೆ. ಕೂತಷ್ಟು ಹೊತ್ತೂ ಒಂದು ಲೆಕ್ಕ ತಲೆಯಲ್ಲಿ ತಾನೇ ತಿರುಗುತ್ತಿತ್ತು. ನಾನು ಇಲ್ಲಿ ಸಿಕ್ಕಿಕೊಂಡು ಒದ್ದಾಡಿದ ಹಾಗೆ ಈ ಮನುಷ್ಯ ಅಲ್ಲಿ ವರ್ಷಗಟ್ಟಲೆ ಒದ್ದಾಡಿದ್ದಾರೆ. ನನಗೆ ಗೊತ್ತಾಗಲಿಲ್ಲ. ಅಲ್ಲಿ ನಾನು ಅಷ್ಟು ಸುಖವಾಗಿದ್ದೆ.

"ಮೊದಲ ಯಾಕ ಹೇಳಲಿಲ್ಲ?" ಎಂದೆ ಕೊನೆಗೆ.

"ನಿನಗ ನಾನು ಬ್ಯಾರೆ ಏನು ಕೊಟ್ಟೀನಿ?" ಎಂದರು.

ಆವತ್ತಿನ ಬಸ್ಸು ಬಿಟ್ಟು, ಅವರ ಮಿಲ್ಲಿನ ಕೋಣೆಯಲ್ಲೇ ಉಳಿದುಕೊಂಡೆ.

ಬೆಳಿಗ್ಗೆ ಅವರೇ ಒಂದು ಉಪಾಯ ಹೇಳಿದರು. ಮಿಲ್ಲಿನ ಸಾಹುಕಾರರು ಅವರನ್ನು ಹೆಡ್ ಫಿಟ್ಟರ್ ಮಾಡುವುದಾಗಿ ಹೇಳಿದ್ದರಂತೆ. ಇಬ್ಬರ ಖರ್ಚು ಹುಟ್ಟುವುದಿಲ್ಲ, ಆದರೆ ಒಬ್ಬಳದಾದರೆ ಹುಟ್ಟುತ್ತದೆ. ಈಗಾಗಲೇ ಮಾತು ಕೊಟ್ಟವರದು ಇದೆ, ಕಡಿಮೆ ಬಿದ್ದದ್ದಕ್ಕೆ ತಮ್ಮ ಸಂಬಳ. "ನೀನು ಒಬ್ಬಾಕಿನ ಹೋಗಿ ಬಾ" ಎಂದರು. ಕಮಿಟಿಯವರು ಸುಲಭಕ್ಕೆ ಒಪ್ಪಲಿಲ್ಲ. ಮದುವೆಯಾದ ಹೆಂಗಸನ್ನು ಒಬ್ಬಳನ್ನೇ ಕಳಿಸುವುದು ತಮ್ಮ ಪದ್ಧತಿಯಲ್ಲ ಎಂದರು. ನನ್ನ ಗಂಡ ಸ್ವತಃ ಅವರ ಆಫೀಸಿಗೆ ಹೋಗಿ, ಕಳಿಸುತ್ತಿರುವವನು ನಾನೇ, ಇನ್ನೇನು ಬೇಕು ಎಂದು ಕೇಳಿದರಂತೆ. ಒಂದು ಅವಧಿಗೆ ಮಾತ್ರ, ಅದೂ ಚಿಕ್ಕದು ಎಂದು ಒಪ್ಪಿದರು.

ಸಭೆಗಳಲ್ಲಿ ಮಾತು ಹುಟ್ಟಿತು. ಗಂಡ ಹೆಂಡತಿ ಬೇರೆಯಾಗಿದ್ದಾರೆ, ಅದನ್ನು ಮುಚ್ಚಲು ದೇವರ ಕೆಲಸದ ನೆಪ ಎಂದರು. ಅಕ್ಕ ಅತ್ತಳು. ನಾನು ಹೋದೆ.

ಆ ಹೆಂಗಸರು ಬಂದು ಅಪ್ಪಿಕೊಂಡರು. ಇಬ್ಬರು ಊರು ಬಿಟ್ಟಿದ್ದರು, ಹೊಸಬರು ಬಂದಿದ್ದರು. ಗಂಡನೆಲ್ಲಿ ಎಂದು ಕೇಳಿದರು. ಅವರು ಅಲ್ಲಿ ದುಡಿದು ನನ್ನನ್ನು ಇಲ್ಲಿಗೆ ಕಳಿಸಿದ್ದಾರೆ ಎಂದೆ. ಎಲ್ಲರಿಗೂ ತಡೆಯಲಾರದ ನಗು. ಅವರ ಊರಿನ ಗಂಡಸರು ದಕ್ಷಿಣ ಆಫ್ರಿಕಾಕ್ಕೆ ದುಡಿಯಲು ಹೋಗಿ ಹೆಂಡಿರಿಗೆ ದುಡ್ಡು ಕಳಿಸುತ್ತಾರೆ. "ನಿಮ್ಮಲ್ಲಿ ಹೆಂಗಸು ದೇಶ ಬಿಡುತ್ತಾಳೆ, ಗಂಡಸು ಮನೆಯಲ್ಲಿದ್ದು ದುಡ್ಡು ಕಳಿಸುತ್ತಾನೋ?" ಎಂದು ಒಬ್ಬಳು ಎಲ್ಲರಿಗೂ ಹೇಳಿಕೊಂಡು ಬಂದಳು. ನಾನೂ ನಕ್ಕೆ. ಆದರೆ ಮೊದಲಿನ ಸುಖ ಅಷ್ಟು ಸಲೀಸಾಗಿ ಬರಲಿಲ್ಲ. ಗಿರಣಿಯ ಕೋಣೆಗೆ ಬೀಗ ಬಿದ್ದಿತ್ತು. ಅದರ ಮುಂದೆ ಹಾದುಹೋಗುವಾಗಲೆಲ್ಲ ಒಳಗೆ ಒಬ್ಬ ಮನುಷ್ಯ ಗೋಡೆ ನೋಡುತ್ತ ಕೂತಿದ್ದಾನೆ ಎನ್ನಿಸಿ, ಸುತ್ತು ಬಳಸಿ ನಡೆಯತೊಡಗಿದೆ. ಸಂಜೆ ಫೋನು ಮಾಡಿದರೆ ಅವರು ಮಿಲ್ಲಿನ ಸುದ್ದಿ ಹೇಳುತ್ತಿದ್ದರು, ನಾನು ಕ್ಲಾಸಿನ ಸುದ್ದಿ. ಇಬ್ಬರೂ ಚೆನ್ನಾಗಿದ್ದೇವೆ ಎನ್ನುತ್ತಿದ್ದೆವು, ಅದು ಸುಳ್ಳೂ ಆಗಿರಲಿಲ್ಲ.

ಅವಧಿ ಮುಗಿದು ಬಂದು ಈಗ ಸಿರುಗುಪ್ಪದಲ್ಲಿದ್ದೇನೆ. ಮಿಲ್ಲಿನ ಹತ್ತಿರವೇ ಬಾಡಿಗೆಯ ಎರಡು ಕೋಣೆ. ಶಾಲೆಯ ಮಕ್ಕಳ ಯೂನಿಫಾರ್ಮು ಹೊಲಿಯುತ್ತೇನೆ. ಕಮಿಟಿಯವರು ಇನ್ನೊಂದು ಅವಧಿಗೆ ಒಲ್ಲೆ ಎಂದಿಲ್ಲ, ಹೂಂ ಎಂದೂ ಇಲ್ಲ. ಮಾತು ಕೊಟ್ಟವರಲ್ಲಿ ಈ ವರ್ಷ ಮತ್ತೆ ಕೆಲವರು ಕೊಡುವುದನ್ನು ನಿಲ್ಲಿಸಿದ್ದಾರೆ. ಭಾನುವಾರ ಒಮ್ಮೊಮ್ಮೆ ಯಾವುದಾದರೂ ಸಭೆಯಲ್ಲಿ ಎದ್ದು ಐದು ನಿಮಿಷ ಮಾತಾಡುತ್ತೇನೆ. ಇಲ್ಲಿದ್ದರೆ ಅಲ್ಲಿಯದು ಎಳೆಯುತ್ತದೆ, ಅಲ್ಲಿದ್ದರೆ ಇಲ್ಲಿಯದು. ಮೊದಲು ಒಂದೇ ಕಡೆ ಸಿಕ್ಕಿಕೊಂಡಿದ್ದೆ.

ಮೊನ್ನೆ ಅವರು ಕೆಲಸ ಮುಗಿಸಿ ಬಂದು, ಹೊರಗೆ ತಲೆಯ ಧೂಳು ಜಾಡಿಸಿಕೊಂಡು, ಬಾಗಿಲಲ್ಲೇ ಕೂತು ಕೇಳಿದರು. "ಈ ವರ್ಷ ಹೋಗ್ತೀಯೇನು?"

"ರೊಕ್ಕ ಕೂಡಿದರ" ಎಂದೆ.

"ಕೂಡ್ತೈತಿ ಬಿಡು" ಎಂದರು.

ಕೂಡಲಿ ಎಂದು ಹೇಳಿದರೋ, ಕೂಡದಿರಲಿ ಎಂದು ಒಳಗೆ ಅಂದುಕೊಂಡರೋ, ನಾನು ಕೇಳಲಿಲ್ಲ. ಹಾಲು ಉಕ್ಕುವ ಹಾಗಾಗಿತ್ತು, ಎದ್ದು ಒಳಗೆ ಹೋದೆ.